ಹಳೇ ರೋಡ್ ಸೈಕಲ್ಲಿಗೆ ಎರಡು ಮೂರು ಫಿಕ್ಸೆಡ್ ಗೇರು: ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ಹೇಗೆ

ಫ್ರೀವೀಲ್ ಇರುವ, ಅಂದರೆ ತುಳಿಯುವುದು ನಿಲ್ಲಿಸಿದರೂ ಚಕ್ರ ಓಡುವ ಸೈಕಲ್ಲಿನಲ್ಲಿ ಎಷ್ಟೋ ಸಣ್ಣ ದೋಷಗಳು ಗೊತ್ತೇ ಆಗುವುದಿಲ್ಲ. ಚೈನು ಸ್ವಲ್ಪ ಸಡಿಲವಿದ್ದರೂ ಓಡುತ್ತದೆ, ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳನ್ನು) ಹಿಡಿದಿಡುವ ಕಾಟರ್ ಪಿನ್ನು ಸವೆದಿದ್ದರೂ ಓಡುತ್ತದೆ. ಫಿಕ್ಸೆಡ್ ಮಾಡಿದ, ಅಂದರೆ ಚಕ್ರ ತಿರುಗುವವರೆಗೂ ಪೆಡಲ್ಲೂ ತಿರುಗುವಂತೆ ಮಾಡಿದ ದಿನದಿಂದ ಇವೆಲ್ಲ ಕಾಲಿಗೆ ತಟ್ಟುತ್ತವೆ. ಕಾರಣ ಸರಳ. ಇಲ್ಲಿ ನೀವು ಪೆಡಲ್ಲನ್ನು ಮುಂದಕ್ಕೂ ಒತ್ತುತ್ತೀರಿ, ವೇಗ ಇಳಿಸಲು ಹಿಂದಕ್ಕೂ ಒತ್ತುತ್ತೀರಿ. ಹಾಗಾಗಿ ಪ್ರತಿ ಜೋಡಣೆಯೂ ಎರಡೂ ಕಡೆಗೆ ಎಳೆದಾಟ ತಡೆಯಬೇಕು.

ಒಂದಕ್ಕಿಂತ ಜಾಸ್ತಿ ಗೇರು ಬೇಕೆಂದರೆ ಮುಖ್ಯವಾಗಿ ಮೂರು ದಾರಿ. ಮೊದಲನೆಯದು, ಹಿಂದಿನ ಚಕ್ರದ ನಡುವಿನ ಹಬ್ಬಿನ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಕಾಗ್ (ಹಿಂದಿನ ಹಲ್ಲುಚಕ್ರ) ಹಾಕಿ, ಬೇಕಾದಾಗ ಚಕ್ರ ಬಿಚ್ಚಿ ತಿರುಗಿಸಿ ಹಾಕುವುದು. ಎರಡನೆಯದು, ಮುಂದೆ ಎರಡು ಚೈನ್‌ರಿಂಗು (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ ಒಂದೇ ಬದಿಯಲ್ಲಿ ಜೋಡಿ ಕಾಗ್ ಇಟ್ಟು, ಚೈನನ್ನು ಕೈಯಿಂದ ಪಕ್ಕದ ಸಾಲಿಗೆ ಎತ್ತಿಡುವುದು. ಮೂರನೆಯದು, ಸ್ಟರ್ಮಿ ಆರ್ಚರ್ ಕಂಪನಿಯ ಎಸ್3ಎಕ್ಸ್ ಥರದ ಹಬ್ಬು. ಅದರ ಹೊಟ್ಟೆಯೊಳಗೇ ಮೂರು ಫಿಕ್ಸೆಡ್ ಗೇರು ಇರುತ್ತವೆ. ಚಕ್ರ ತಿರುಗಿಸಿ ಗೇರು ಬದಲಿಸುವುದು ಹೊಸ ವಿದ್ಯೆಯೇನಲ್ಲ. ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಡಿರೇಲರಿಗೆ (ಓಡುತ್ತಲೇ ಚೈನನ್ನು ಬೇರೆ ಹಲ್ಲುಚಕ್ರಕ್ಕೆ ಸರಿಸುವ ಸಾಧನಕ್ಕೆ) ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಸವಾರರು ಏರಿನ ಬುಡದಲ್ಲಿ ಇಳಿದು ಹಿಂದಿನ ಚಕ್ರ ತಿರುಗಿಸಿಯೇ ಗೇರು ಬದಲಿಸುತ್ತಿದ್ದರು.

ನಾನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು 1970 ಮತ್ತು 80ರ ದಶಕದ ಉಕ್ಕಿನ ಫ್ರೇಮು: ರ‍್ಯಾಲೆ, ಪೂಜೋ, ಜಪಾನಿನ ಹತ್ತು ಗೇರಿನ ಸೈಕಲ್ಲುಗಳು. ಹೊರದೇಶದಲ್ಲಿರುವ ನಮ್ಮವರಿಗೆ ಇವು ಹಳೇ ಸಾಮಾನಿನ ಸಂತೆಯಲ್ಲಿ ಸುಲಭವಾಗಿ ಸಿಗುತ್ತವೆ. ಇವುಗಳಲ್ಲಿ ಹಿಂದಿನ ಆಕ್ಸಲ್ ಕೂರುವ ಸೀಳು, ಅಂದರೆ ಡ್ರಾಪ್‌ಔಟ್, ಉದ್ದಕ್ಕೆ ಇರುತ್ತದೆ. ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನು ಬಿಗಿ ಮಾಡಬಹುದು. ಸೀಳು ನೇರ ಮೇಲಕ್ಕೆ ಹೋಗುವ ಫ್ರೇಮಾದರೆ ಈ ಕೆಲಸಕ್ಕೆ ಬೇಡ.

ಯಾವ ದೋಷ ಕಂಡರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಒಂದೇ ಗೇರಿನಲ್ಲಿ ಬರುತ್ತಿದೆಯಾ, ಎಲ್ಲಾ ಗೇರಿನಲ್ಲೂ ಬರುತ್ತಿದೆಯಾ? ಒಂದರಲ್ಲಿ ಮಾತ್ರ ಬಂದರೆ ತಪ್ಪಿರುವುದು ಆ ಕಾಗ್, ಆ ಚೈನ್‌ರಿಂಗ್, ಆ ಗೇರಿಗೆ ಆಕ್ಸಲ್ ಕೂತ ಜಾಗ, ಇಲ್ಲವೇ ಚೈನಿನ ಸಾಲು. ಎಲ್ಲದರಲ್ಲೂ ಬಂದರೆ ಕ್ರ್ಯಾಂಕು, ಬಿಬಿ (ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕು ತಿರುಗುವ ಆಕ್ಸಲ್ ಮತ್ತು ಬೇರಿಂಗು), ಚೈನು ಅಥವಾ ಫ್ರೇಮಿನ ಕಡೆ ನೋಡಿ. ಈ ಒಂದು ಪ್ರಶ್ನೆಯಿಂದ ಅರ್ಧ ಹುಡುಕಾಟ ಉಳಿಯುತ್ತದೆ.

ಕೈ ಹಾಕುವ ಮುನ್ನ

ಸ್ಟ್ಯಾಂಡಿನ ಮೇಲೆ ಫಿಕ್ಸೆಡ್ ಚಕ್ರ ತಿರುಗುತ್ತಿರುವಾಗ ಚೈನಿನ ಹತ್ತಿರ ಬೆರಳು ತರಬೇಡಿ. ಬೆರಳು ಹಲ್ಲಿಗೆ ಸಿಕ್ಕರೆ ಚಕ್ರ ನಿಲ್ಲುವುದಿಲ್ಲ, ಬೆರಳೇ ಹೋಗುತ್ತದೆ. ಬಟ್ಟೆ ಹಿಡಿದು ಓಡುತ್ತಿರುವ ಚೈನು ಒರೆಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಚಕ್ರ ಪೂರ್ತಿ ನಿಲ್ಲಿಸಿ, ಒಂದು ಗೇಣು ಒರೆಸಿ, ಆಮೇಲೆ ಸರಿಸಿ. ಚಕ್ರ ನಿಲ್ಲಿಸಲು ಬ್ರೇಕು ಬಳಸಿ, ಕೈಯನ್ನಲ್ಲ. ಶೂ ಲೇಸು, ಪ್ಯಾಂಟಿನ ತುದಿ, ದುಪಟ್ಟಾ ಎಲ್ಲವನ್ನೂ ಕಟ್ಟಿಕೊಂಡೇ ಹತ್ತಿ.

ಮುಂದಿನ ಬ್ರೇಕು ಇರಲೇಬೇಕು. ಬ್ರಿಟನ್ನಿನ ಕಾನೂನು ಫಿಕ್ಸೆಡ್ ಹಿಂದಿನ ಚಕ್ರವನ್ನು ಒಂದು ಬ್ರೇಕು ಎಂದು ಒಪ್ಪಿಕೊಂಡರೂ ಮುಂದೆ ಬೇರೆ ಬ್ರೇಕು ಕೇಳುತ್ತದೆ. ಅದು ಸರಿಯಾದ ನಿಯಮ. ಚೈನು ಬಿದ್ದ ಕ್ಷಣದಲ್ಲಿ ಕಾಲಿನಿಂದ ಸೈಕಲ್ಲು ನಿಲ್ಲಿಸುವ ದಾರಿ ಮುಚ್ಚಿಹೋಗುತ್ತದೆ. ಬಹಳ ಗೇರು ಬದಲಿಸುವ ಸೈಕಲ್ಲಿಗೆ ಹಿಂದೆಯೂ ಒಂದು ಬ್ರೇಕು ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಚೈನು ಕಳಚಿ ಬೀಳುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದೇ, ಅಪಾಯವೂ ಇದರದೇ. ಕಳಚಿದ ಚೈನು ಕಾಗ್ ಮತ್ತು ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದುಕೊಳ್ಳುತ್ತದೆ. ಓಡಿಸುವಾಗ ಚೈನು ಬಿತ್ತು ಅನಿಸಿದರೆ ಪೆಡಲ್ ಮೇಲಿನ ಒತ್ತಡ ಬಿಟ್ಟು, ಮುಂದಿನ ಬ್ರೇಕು ಮೆಲ್ಲಗೆ ಹಿಡಿದು ನಿಲ್ಲಿ.

ಖರ್ಚಿಲ್ಲದ ಪರೀಕ್ಷೆ ಮೊದಲು. ಸೈಕಲ್ಲು ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಹಲ್ಲುಗಳ ಸರಿ ನಡುವೆ ಚೈನಿನ ಕೆಳಸಾಲನ್ನು ಬೆರಳಿನಿಂದ ಮೇಲೆ ಕೆಳಗೆ ಒತ್ತಿ. ಒಟ್ಟು ಆಟ 10ರಿಂದ 12 ಮಿ.ಮೀ. ಇದ್ದರೆ ಸರಿ. ಬೆರಳು ತೆಗೆದು ಪೆಡಲ್ಲನ್ನು ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ಒತ್ತಿ. ಹೀಗೆ ಪೂರ್ತಿ ಸುತ್ತು ನೋಡಿ. ಅತಿ ಬಿಗಿ ಇರುವ ಜಾಗದಲ್ಲೂ ಚೂರು ಆಟ ಉಳಿದಿರಬೇಕು, ತಂತಿಯಂತೆ ಸೆಟೆದಿರಬಾರದು. ಅತಿ ಬಿಗಿ ಚೈನು ಹಬ್ಬಿನ ಬೇರಿಂಗನ್ನೂ ಬಿಬಿಯನ್ನೂ ತಿನ್ನುತ್ತದೆ.

ಒಂದು ಗೇರಿನಲ್ಲಿ ಚೈನು ಸರಿ ಇದ್ದು ಇನ್ನೊಂದರಲ್ಲಿ ಬೀಳುತ್ತಿದೆಯಾ? ಇಲ್ಲಿ ಲೆಕ್ಕ ಗೊತ್ತಿದ್ದರೆ ಗೊಂದಲವಾಗುವುದಿಲ್ಲ. ಕಾಗ್ ಒಂದು ಹಲ್ಲು ದೊಡ್ಡದಾದರೆ ಆಕ್ಸಲ್ ಸುಮಾರು 3.2 ಮಿ.ಮೀ. ಮುಂದೆ ಬರಬೇಕು. ಹಬ್ಬಿನ ಒಂದು ಬದಿಗೆ 16, ಇನ್ನೊಂದಕ್ಕೆ 18 ಹಲ್ಲು ಇದ್ದರೆ ಆರು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಸರಿಯಬೇಕು. ಹಳೇ ಡ್ರಾಪ್‌ಔಟಿನಲ್ಲಿ ಇದಕ್ಕೆ ಜಾಗ ಇರುತ್ತದೆ. ಆದರೆ ದೊಡ್ಡ ಕಾಗ್ ಹಾಕಿದಾಗ ಆಕ್ಸಲ್ ಸೀಳಿನ ಬಾಯಿಗೇ ಬಂದು ಕೂತರೆ ನಟ್ಟಿಗೆ ಹಿಡಿಯಲು ಲೋಹ ಸಾಲುವುದಿಲ್ಲ. ಆಗ ಚೈನಿನ ಉದ್ದ ಬದಲಿಸಬೇಕು. ಒಳಕೊಂಡಿ ಹೊರಕೊಂಡಿ ಜೋಡಿಯಾಗಿ ತೆಗೆದರೆ ಅಥವಾ ಸೇರಿಸಿದರೆ ಆಕ್ಸಲ್ 12.7 ಮಿ.ಮೀ. ಸರಿಯುತ್ತದೆ. ಹಾಫ್ ಲಿಂಕ್ ಎನ್ನುವ ಅರ್ಧ ಕೊಂಡಿ ಹಾಕಿದರೆ ಅದರ ಅರ್ಧ.

ಮುಂದೆ ಎರಡು, ಹಿಂದೆ ಎರಡು ಇರುವ ಜೋಡಣೆಯಲ್ಲಿ ಎರಡೂ ಗೇರಿನ ಹಲ್ಲುಗಳ ಮೊತ್ತ ಒಂದೇ ಇರಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ಮುಂದಿನ 42 ಮತ್ತು ಹಿಂದಿನ 17 ಕೂಡಿದರೆ 59, 38 ಮತ್ತು 21 ಕೂಡಿದರೂ 59. ಹಾಗಾಗಿ ಚೈನು ಎರಡಕ್ಕೂ ಒಂದೇ ಬಿಗಿಯಲ್ಲಿ ಕೂರುತ್ತದೆ ಅಂತ ಅಂದುಕೊಳ್ಳುತ್ತಾರೆ. ಪೂರ್ತಿ ಹಾಗಲ್ಲ. ಮುಂದಿನ ಮತ್ತು ಹಿಂದಿನ ಹಲ್ಲುಗಳ ವ್ಯತ್ಯಾಸ ದೊಡ್ಡದಾದಷ್ಟೂ ಚೈನು ಜಾಸ್ತಿ ಓರೆಯಾಗಿ ಹೋಗುತ್ತದೆ, ಸ್ವಲ್ಪ ಜಾಸ್ತಿ ಉದ್ದ ಬೇಡುತ್ತದೆ. 42×17ರಲ್ಲಿ ವ್ಯತ್ಯಾಸ 25, 38×21ರಲ್ಲಿ 17. ಸಾಮಾನ್ಯ ರೋಡ್ ಫ್ರೇಮಿನಲ್ಲಿ ಸಣ್ಣ ಗೇರಿಗೆ (38×21ಕ್ಕೆ) ಬಂದಾಗ ಆಕ್ಸಲ್ಲನ್ನು ಸುಮಾರು ಒಂದೂವರೆ ಮಿ.ಮೀ. ಹಿಂದಕ್ಕೆ ಎಳೆಯಬೇಕಾಗುತ್ತದೆ. ಒಂದೂವರೆ ಮಿ.ಮೀ. ತಾನೇ ಅಂತ ಬಿಟ್ಟರೆ ಚೈನಿನ ನಡುವೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಜೋಲು ಬರುತ್ತದೆ. ‘ದೊಡ್ಡ ಗೇರಿನಲ್ಲಿ ಚೆನ್ನಾಗಿದೆ, ಸಣ್ಣದಕ್ಕೆ ಹಾಕಿದರೆ ಬೀಳುತ್ತದೆ’ ಎನ್ನುವ ದೂರಿನ ಮೂಲ ಹೆಚ್ಚಾಗಿ ಇದೇ. ಪರಿಹಾರಕ್ಕೆ ಕಾಸು ಬೇಡ. ಗೇರು ಬದಲಿಸಿದಾಗಲೆಲ್ಲ ನಟ್ಟು ಸಡಿಲಿಸಿ, ಬಿಗಿ ನೋಡಿ, ಮತ್ತೆ ಕಟ್ಟಿ.

ಬಿಗಿ ಸರಿ ಇದ್ದೂ ಬೀಳುತ್ತಿದ್ದರೆ ಚೈನು ಅಳೆಯಿರಿ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಒಂದಿಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಕಾಗ್ ಕೂಡ ಸವೆದಿರುತ್ತದೆ. ಸವೆದ ಕಾಗ್ ಮೇಲೆ ಹೊಸ ಚೈನು ಹಾಕಿದರೆ ಸರಿಯಾಗಿ ಕೂರದೆ ಹಲ್ಲು ಹತ್ತುತ್ತದೆ.

ಒಂದು ಗೇರಿನಲ್ಲಿ ಮಾತ್ರ ಗರಗರ ಸದ್ದು

ಸುಮ್ನೆ ಎಣ್ಣೆ ಬಿಡುವ ಮುನ್ನ ಹಿಂದಿನಿಂದ ಬಗ್ಗಿ ನೋಡಿ. ಕಾಗಿನಿಂದ ಚೈನ್‌ರಿಂಗಿಗೆ ಚೈನು ನೇರ ಹೋಗಬೇಕು. ಕಣ್ಣಿಗೆ ಓರೆ ಕಂಡರೆ ಅಳೆಯಿರಿ. ಮುಂದೆ: ಸೀಟ್ ಟ್ಯೂಬಿನ (ಸೀಟಿನಿಂದ ಬಿಬಿಗೆ ಇಳಿಯುವ ಕೊಳವೆಯ) ಪಕ್ಕದಿಂದ ಚೈನ್‌ರಿಂಗ್ ಹಲ್ಲಿನ ನಡುವಿಗೆ ಎಷ್ಟು ದೂರವೋ ಅದಕ್ಕೆ ಟ್ಯೂಬಿನ ದಪ್ಪದ ಅರ್ಧ ಸೇರಿಸಿ. ಸಾಮಾನ್ಯ ಸೀಟ್ ಟ್ಯೂಬು 28.6 ಮಿ.ಮೀ. ಇರುವುದರಿಂದ 14.3 ಸೇರಿಸಿದರಾಯಿತು. ಹಿಂದೆ: ಎರಡು ಡ್ರಾಪ್‌ಔಟ್‌ಗಳ ಒಳ ಅಂತರದ ಅರ್ಧದಿಂದ, ಬಲ ಡ್ರಾಪ್‌ಔಟಿನ ಒಳಮೈಯಿಂದ ಕಾಗಿನ ನಡುವಿಗಿರುವ ದೂರ ಕಳೆಯಿರಿ. ಒಳ ಅಂತರ 120, ಕಾಗಿಗೆ ದೂರ 18 ಇದ್ದರೆ 60ರಲ್ಲಿ 18 ಹೋಗಿ 42. ಟ್ರ್ಯಾಕ್ ಹಬ್ಬುಗಳು, ಅಂದರೆ ಫಿಕ್ಸೆಡ್ ಗೇರಿಗೆಂದೇ ಮಾಡಿದವು, ಸಾಮಾನ್ಯವಾಗಿ ಇಷ್ಟರ ಆಸುಪಾಸಿನಲ್ಲೇ ಇರುತ್ತವೆ.

ಮುಂದಿನ ಮತ್ತು ಹಿಂದಿನ ಅಂಕಿ ಒಂದು ಮಿ.ಮೀ. ಒಳಗೆ ಹೊಂದಿದರೆ ಸದ್ದಿಲ್ಲದೆ ಓಡುತ್ತದೆ. ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸರಿಪಡಿಸಿ. ಸುಲಭದ ದಾರಿ ಚೈನ್‌ರಿಂಗನ್ನು ಕ್ರ್ಯಾಂಕಿನ ಇನ್ನೊಂದು ಮೈಗೆ ಸರಿಸುವುದು. ಆಮೇಲೆ ಚೈನ್‌ರಿಂಗ್ ಬೋಲ್ಟಿನಲ್ಲಿ ತೆಳು ವಾಷರು. ಕೊನೆಯದು ಬಿಬಿಯ ಆಕ್ಸಲ್ಲನ್ನೇ ಬೇರೆ ಉದ್ದದ್ದಕ್ಕೆ ಬದಲಿಸುವುದು. ಕಾಗಿನ ಹಿಂದೆ ದಪ್ಪ ವಾಷರು ತುರುಕಬೇಡಿ. ಕಾಗ್ ಹೊರಗೆ ಬಂದಷ್ಟೂ ಅದು ಬಿಚ್ಚದಂತೆ ತಡೆಯುವ ಲಾಕ್‌ರಿಂಗಿಗೆ ಸಿಗುವ ಮರೆ (ತಿರುಪಿನ ಸುತ್ತು) ಕಡಿಮೆಯಾಗುತ್ತದೆ.

ಎರಡು ಸಾಲಿನ ಜೋಡಣೆಯಲ್ಲಿ ಎರಡೂ ಸಾಲು ಬೇರೆ ಬೇರೆ ಅಳೆಯಿರಿ. ಮುಂದೆ ಎರಡು ರಿಂಗುಗಳ ನಡುವಿನ ಅಂತರ, ಹಿಂದೆ ಎರಡು ಕಾಗುಗಳ ನಡುವಿನ ಅಂತರ ಒಂದೇ ಇಲ್ಲದಿದ್ದರೆ ಒಂದು ಗೇರು ನೇರ, ಇನ್ನೊಂದು ಓರೆ ಆಗಿಯೇ ಆಗುತ್ತದೆ. ಇಲ್ಲಿ ವ್ಯತ್ಯಾಸವನ್ನು ಎರಡಕ್ಕೂ ಅರ್ಧರ್ಧ ಹಂಚುವುದು ಬೇಡ, ನೀವು ಜಾಸ್ತಿ ಓಡಿಸುವ ಗೇರನ್ನು ನೇರ ಮಾಡಿಕೊಳ್ಳಿ.

ಸಾಲು ನೇರ ಇದ್ದೂ ಚೈನು ಹಲ್ಲಿನ ತುದಿಯ ಮೇಲೆ ಕೂತಂತೆ ಕಂಡರೆ ಅಗಲ ಹೊಂದಿಲ್ಲ. ಮೂರು ಬೈ ಮೂವತ್ತೆರಡು ಇಂಚಿನ ತೆಳು ಚೈನು, ಒಂದು ಬೈ ಎಂಟು ಇಂಚಿನ ದಪ್ಪ ಕಾಗಿನ ಮೇಲೆ ಇಳಿಯುವುದಿಲ್ಲ. ದಪ್ಪ ಚೈನಾದರೆ ತೆಳು ಕಾಗಿನ ಮೇಲೂ ಓಡುತ್ತದೆ.

ಪೆಡಲ್ ಸುತ್ತಿನಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ

ಲಯ ಕೇಳಿಸಿಕೊಳ್ಳಿ, ಉತ್ತರ ಅದರಲ್ಲೇ ಇದೆ. ಪೆಡಲ್ ಒಂದು ಸುತ್ತಿಗೆ ಒಮ್ಮೆ ಬಿಗಿಯಾದರೆ ಚೈನ್‌ರಿಂಗ್ ಸರಿ ನಡುವೆ ಕೂತಿಲ್ಲ. ಒಂದು ಸುತ್ತಿಗೆ ಎರಡು ಮೂರು ಸಲ ಬಂದರೆ ಕಾಗ್. ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿಗೊಮ್ಮೆ ಟಕ್ ಎಂದರೆ ಚೈನಿನಲ್ಲಿ ಎಲ್ಲೋ ಒಂದು ಕೊಂಡಿ ಗಡುಸಾಗಿದೆ. ಪಿನ್ನನ್ನು ಎರಡೂ ಪಕ್ಕಕ್ಕೆ ಮೆಲ್ಲಗೆ ಬಾಗಿಸಿದರೆ ಅದು ಸಡಿಲವಾಗುತ್ತದೆ.

ಚೈನ್‌ರಿಂಗ್ ನಡುವಿಗೆ ತರುವುದು ಹೀಗೆ. ರಿಂಗಿನ ಬೋಲ್ಟುಗಳನ್ನು ಬಿಚ್ಚದೆ, ರಿಂಗು ಕಷ್ಟಪಟ್ಟು ಸರಿಯುವಷ್ಟು ಮಾತ್ರ ಸಡಿಲಿಸಿ. ಅತಿ ಬಿಗಿ ಬರುವ ಜಾಗಕ್ಕೆ ಪೆಡಲ್ ತಂದು ನಿಲ್ಲಿಸಿ. ಪಾನಾದ ಹಿಡಿಯಿಂದ ಚೈನಿನ ಮೇಲ್ಸಾಲಿನ ನಡುವೆ ಒಂದು ಸಣ್ಣ ಏಟು ಕೊಡಿ. ರಿಂಗು ಒಂದು ಕೂದಲಷ್ಟು ಸರಿಯುತ್ತದೆ. ಮತ್ತೆ ತಿರುಗಿಸಿ ನೋಡಿ. ಸುತ್ತಿನುದ್ದಕ್ಕೂ ಒಂದೇ ಬಿಗಿ ಬಂದ ಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಕಟ್ಟಿ. ರಿಂಗನ್ನು ಕ್ರ್ಯಾಂಕಿಗೆ ರಿವೆಟ್ ಹೊಡೆದು ಕೂರಿಸಿದ ಅಗ್ಗದ ಸೆಟ್ಟುಗಳಲ್ಲಿ ಇದು ಸಾಧ್ಯವಿಲ್ಲ, ಬದಲಿಸುವುದೇ ದಾರಿ.

ಜೋರಾಗಿ ತುಳಿದರೆ ಟೈರು ಎಡಗಡೆ ಉಜ್ಜುತ್ತದೆ

ಚೈನು ಆಕ್ಸಲ್ಲಿನ ಬಲ ತುದಿಯನ್ನು ಮುಂದಕ್ಕೆ ಎಳೆದಿದೆ. ಚಕ್ರ ಓರೆಯಾಗಿ ಎಡಗಡೆಯ ಚೈನ್‌ಸ್ಟೇಗೆ, ಅಂದರೆ ಬಿಬಿಯಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಕೊಳವೆಗೆ, ತಾಗುತ್ತಿದೆ. ಎರಡೂ ನಟ್ಟು ಸಡಿಲಿಸಿ ಚಕ್ರ ನೇರ ಮಾಡಿ ಮತ್ತೆ ಕಟ್ಟಿ. ಆಕ್ಸಲ್ ಮರೆಗೆ ಒಂದು ಹನಿ ಎಣ್ಣೆ ಹಾಕಿ. ನಟ್ಟು ಡ್ರಾಪ್‌ಔಟನ್ನು ಕಚ್ಚುವ ಮೈ ಮಾತ್ರ ಒಣಗಿರಲಿ. ಟ್ರ್ಯಾಕ್ ಹಬ್ಬಿನ ನಟ್ಟಿಗೆ 15 ಮಿ.ಮೀ. ಪಾನಾ ಬೇಕು, ಬಿಗಿ ಸುಮಾರು 30ರಿಂದ 40 ನ್ಯೂಟನ್ ಮೀಟರ್. ಈ ಪಾನಾ ಯಾವಾಗಲೂ ಜೊತೆಗಿರಲಿ.

ಮತ್ತೆ ಜಾರಿದರೆ ಡ್ರಾಪ್‌ಔಟಿನ ಮೈ ನೋಡಿ. ಹೊಳೆಯುವ ಕ್ರೋಮ್ ಇದ್ದರೆ ಹಿಡಿತ ಕಡಿಮೆ. ಮುಳ್ಳಿರುವ ವಾಷರು ಹಾಕಿ, ಅಥವಾ ಡ್ರಾಪ್‌ಔಟಿಗೆ ಹೊಂದುವ ಚೈನ್ ಟಗ್ (ಆಕ್ಸಲ್ ಮುಂದೆ ಜಾರದಂತೆ ಹಿಡಿಯುವ ಸಾಧನ) ಹಾಕಿ. ಹಳೇ ರೋಡ್ ಚಕ್ರದ ಕ್ವಿಕ್ ರಿಲೀಸ್ (ನಟ್ಟಿನ ಬದಲು ಲಿವರ್ ಮಡಚಿ ಕ್ಯಾಮಿನಿಂದ ಚಕ್ರ ಬಿಗಿಯುವುದು) ಉಳಿಸಿಕೊಂಡಿದ್ದರೆ, ಕ್ಯಾಮ್ ಒಳಗೆ ಮುಚ್ಚಿರುವ ಉಕ್ಕಿನದಾದರೆ ಸರಿ. ಕ್ಯಾಮ್ ಹೊರಗೆ ಕಾಣುವ ಹಗುರ ಅಲ್ಯೂಮಿನಿಯಮ್ ಲಿವರನ್ನು ಈ ಕೆಲಸಕ್ಕೆ ನಂಬಬೇಡಿ.

ಚಕ್ರ ತಿರುಗಿಸಿ ಹಾಕಿದ ಮೇಲೆ ನಡುವಿಗೆ ಬರುತ್ತಿಲ್ಲ

ಮೊದಲು ಆಕ್ಸಲ್ ಎರಡೂ ಕಡೆ ಸಮನಾಗಿ ಕೂತಿದೆಯಾ ನೋಡಿ. ಕೂತಿದ್ದರೂ ಟೈರು ಒಂದು ಕಡೆಗೆ ವಾಲಿದ್ದರೆ ಇನ್ನೊಂದು ಗೇರಿಗೆ ತಿರುಗಿಸಿ ಹಾಕಿ. ವಾಲುವ ಬದಿ ಬದಲಾಯಿತಾ? ಹಾಗಾದರೆ ತಪ್ಪು ಚಕ್ರದ್ದು, ರಿಮ್ಮು ಹಬ್ಬಿನ ನಡುವೆ ಇಲ್ಲ. ಕಡ್ಡಿ ಎಳೆಯುವುದು ಗೊತ್ತಿರುವವರು ಸರಿ ಮಾಡುತ್ತಾರೆ. ಎರಡೂ ಸಲ ಅದೇ ಬದಿಗೆ ವಾಲಿದರೆ ಚಕ್ರ ಸರಿ ಇದೆ, ಫ್ರೇಮು ಬಾಗಿದೆ. ದುಡ್ಡು ಖರ್ಚಿಲ್ಲದೆ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಕಡಿಮೆ.

ಇನ್ನೊಂದು ಕಾರಣ ಹಬ್ಬಿನ ಅಗಲ. ಐದು ಗೇರಿನ ಹಳೇ ಫ್ರೇಮುಗಳ ಒಳ ಅಂತರ 120 ಮಿ.ಮೀ., ಆರೇಳು ಗೇರಿನವು 126. 126ರ ಫ್ರೇಮಿಗೆ 120ರ ಹಬ್ಬು ಹಾಕಿ ನಟ್ಟಿನ ಬಲದಿಂದಲೇ ಹತ್ತಿರ ತರಬೇಡಿ. ಡ್ರಾಪ್‌ಔಟ್ ಓರೆಯಾಗಿ ಆಕ್ಸಲ್ ಬಾಗುತ್ತದೆ. ಎರಡೂ ಬದಿಗೆ 3 ಮಿ.ಮೀ. ಸ್ಪೇಸರ್ ಹಾಕಿ, ಅದಕ್ಕೆ ಆಕ್ಸಲ್ ಉದ್ದ ಸಾಕಾಗುತ್ತದಾ ನೋಡಿ.

ಗೇರು ಬದಲಿಸಿದಾಗ ಹಿಂದಿನ ಬ್ರೇಕನ್ನೂ ಮರೆಯಬೇಡಿ. ಸಣ್ಣ ಕಾಗಿಗೆ ಆಕ್ಸಲ್ ಹಿಂದೆ ಹೋಗುತ್ತದೆ. ಕೆಲವು ಫ್ರೇಮುಗಳಲ್ಲಿ ಅಷ್ಟಕ್ಕೇ ಬ್ರೇಕ್ ಪ್ಯಾಡು ಒಂದೆರಡು ಮಿ.ಮೀ. ಟೈರಿನ ಕಡೆಗೆ ಹತ್ತುತ್ತದೆ. ಪ್ಯಾಡು ಟೈರಿನ ಗೋಡೆ ಉಜ್ಜಿದರೆ ಟೈರು ಸಿಡಿಯುತ್ತದೆ. 27 ಇಂಚಿನ ಚಕ್ರ ತೆಗೆದು ಸ್ವಲ್ಪ ಸಣ್ಣದಾದ 700ಸಿ ಅಳತೆಯದು ಹಾಕಿದವರಿಗೂ ಇದೇ ಸಮಸ್ಯೆ: ರಿಮ್ಮು 4 ಮಿ.ಮೀ. ಕೆಳಗೆ ಇಳಿದಿರುತ್ತದೆ, ಬ್ರೇಕಿನ ತೋಳು ಅಲ್ಲಿಗೆ ಮುಟ್ಟಬೇಕು. ಪ್ಯಾಡು ರಿಮ್ಮಿನ ನಡುವೆಯೇ ಕೂರುವಂತೆ ಎರಡೂ ಗೇರಿನಲ್ಲಿ ನೋಡಿಕೊಳ್ಳಿ.

ಹಿಂದಕ್ಕೆ ಒತ್ತಿದಾಗ ಟಕ್ ಎನ್ನುತ್ತದೆ

ಈ ಸದ್ದು ಎಲ್ಲಿಂದಲೂ ಬರಬಹುದು. ಕೆಲವು ಮೂಲಗಳು ನಿರಪಾಯ, ಒಂದು ಮಾತ್ರ ಪ್ರಾಣಕ್ಕೇ ಕುತ್ತು. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಒಬ್ಬರು ಹಿಂದಿನ ಚಕ್ರವನ್ನು ಅಲುಗದಂತೆ ಗಟ್ಟಿಯಾಗಿ ಹಿಡಿದುಕೊಳ್ಳಲಿ. ನೀವು ಪೆಡಲ್ಲನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಬೆರಳು ಚೈನಿನಿಂದ ದೂರ ಇರಲಿ. ಚೈನಿನ ಸಡಿಲದಿಂದ ಸ್ವಲ್ಪ ಆಟ ಇದ್ದೇ ಇರುತ್ತದೆ. ಯಾವುದು ಅಲುಗುತ್ತದೆ, ಯಾವುದು ಅಲುಗುವುದಿಲ್ಲ ಅನ್ನುವುದನ್ನು ಪೆಡಲ್ಲಿನಿಂದ ಹಿಂದಕ್ಕೆ ಒಂದೊಂದಾಗಿ ನೋಡುತ್ತಾ ಹೋಗಿ.

ಎಡ ಕ್ರ್ಯಾಂಕು ಮಾತ್ರ ಅಲುಗಿ ಬಲಗಡೆಯದು ಅಲುಗದಿದ್ದರೆ ಎಡಗಡೆಯ ಕಾಟರ್ ಪಿನ್ನು ಅಥವಾ ಬೋಲ್ಟು ಸಡಿಲ. ಕಾಟರ್ ಪಿನ್ನಾದರೆ ನಟ್ಟು ತಿರುಗಿಸಿ ಎಳೆಯಬೇಡಿ, ಪಿನ್ನಿನ ಮರೆ ಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು ಪಿನ್ನನ್ನು ಸುತ್ತಿಗೆಯಿಂದ ಕೂರಿಸಿ, ಆಮೇಲೆ ನಟ್ಟು ಕಟ್ಟಿ. ತೆಗೆದ ಪಿನ್ನಿನ ಚಪ್ಪಟೆ ಮೈಯಲ್ಲಿ ಗೀರು ಮೆಟ್ಟಿಲಿನಂತೆ ಬಿದ್ದಿದ್ದರೆ ಅದನ್ನು ಮತ್ತೆ ಹಾಕಬೇಡಿ, ಅದೇ ಅಳತೆಯ ಹೊಸದು ಹಾಕಿ. ಚೌಕ ತುದಿಯ ಆಕ್ಸಲ್ಲಿಗೆ ಕೂರುವ ಅಲ್ಯೂಮಿನಿಯಮ್ ಕ್ರ್ಯಾಂಕು ಸಡಿಲವಾಗಿಯೇ ಓಡಿದ್ದರೆ ಅದರ ತೂತು ಅಗಲವಾಗಿರುತ್ತದೆ. ಬಿಗಿ ಮಾಡಿದರೂ ಮತ್ತೆ ಬಿಡುತ್ತದೆ. ಕ್ರ್ಯಾಂಕು ಬದಲಿಸಿ.

ಕ್ರ್ಯಾಂಕನ್ನು ಫ್ರೇಮಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿದಾಗ ಎರಡೂ ಒಟ್ಟಿಗೆ ಅಲುಗಿದರೆ ಬಿಬಿ ಕಪ್ಪು (ಬೇರಿಂಗನ್ನು ಹಿಡಿದಿರುವ ಬಟ್ಟಲು) ಸಡಿಲ. ಫ್ರೆಂಚ್ ಮತ್ತು ಇಟಾಲಿಯನ್ ಮರೆಯ ಫ್ರೇಮುಗಳಲ್ಲಿ ಬಲಗಡೆಯ ಕಪ್ಪಿಗೂ ಬಲ ಮರೆಯೇ ಇರುವುದರಿಂದ ಅದು ತುಳಿತಕ್ಕೆ ತಾನಾಗೇ ಬಿಚ್ಚಿಕೊಳ್ಳುವ ಸ್ವಭಾವ. ಇಂಗ್ಲಿಷ್ ಮರೆಯಲ್ಲಿ ಅದು ಎಡ ಮರೆ. ಸಾಮಾನು ಕೊಳ್ಳುವ ಮುನ್ನ ಮರೆ ಯಾವುದು ಅಂತ ತಿಳಿದುಕೊಳ್ಳಿ. ರ‍್ಯಾಲೆ ಕಂಪನಿಯ ಕೆಲವು ಹಳೇ ಫ್ರೇಮುಗಳಲ್ಲಿ ಇಂಚಿಗೆ 24ರ ಬದಲು 26 ಸುತ್ತಿನ ಸ್ವಂತ ಮರೆ ಇರುತ್ತದೆ.

ಕ್ರ್ಯಾಂಕು, ಚೈನು ಎಲ್ಲ ಅಲುಗಿ, ಕಾಗ್ ಕೂಡ ಅಲುಗಿ, ಹಬ್ಬು ಮಾತ್ರ ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಹೋಗಿ. ಕಾಗ್ ಹಬ್ಬಿನ ಮೇಲೆ ಬಿಚ್ಚಿಕೊಳ್ಳುತ್ತಿದೆ.

ಕಾಗನ್ನು ಹಿಡಿದಿರುವುದು ಎರಡು ಮರೆ. ಒಳಗಿನದು ಬಲ ಮರೆ, ಅದಕ್ಕೆ ಕಾಗ್. ಹೊರಗೆ ಸ್ವಲ್ಪ ಸಣ್ಣ ಅಳತೆಯ ಎಡ ಮರೆ, ಅದಕ್ಕೆ ಲಾಕ್‌ರಿಂಗ್. ನೀವು ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚಲು ನೋಡುತ್ತದೆ. ಲಾಕ್‌ರಿಂಗ್ ಎಡ ಮರೆಯದ್ದಾದ್ದರಿಂದ ಇನ್ನೂ ಬಿಗಿಯಾಗಿ ಅದನ್ನು ತಡೆಯುತ್ತದೆ. ಆದ್ದರಿಂದ ಹಬ್ಬಿನಲ್ಲಿ ಮೆಟ್ಟಿಲಿನಂತೆ ಎರಡು ಅಳತೆ ಇದೆಯಾ ಅಂತ ಕಣ್ಣಾರೆ ನೋಡಿ. ಹಳೇ ರೋಡ್ ಹಬ್ಬಿನಲ್ಲಿ ಫ್ರೀವೀಲಿಗೆಂದು ಒಂದೇ ಮರೆ ಇರುತ್ತದೆ. ಎರಡು ಬದಿಯ ಎಷ್ಟೋ ಹಬ್ಬುಗಳಲ್ಲೂ ಒಂದು ಬದಿ ಫಿಕ್ಸೆಡ್ಡಿಗೆ, ಇನ್ನೊಂದು ಬದಿ ಫ್ರೀವೀಲಿಗೆ. ಕಾಗಿನ ಮರೆ ಎರಡಕ್ಕೂ ಹೊಂದುತ್ತದೆ, ಅದೇ ಮೋಸ. ಫ್ರೀವೀಲ್ ಬದಿಗೆ ಕಾಗ್ ತಿರುಗಿಸಿ, ಬಿಬಿ ಲಾಕ್‌ರಿಂಗ್ ಮತ್ತು ಅಂಟು ಹಾಕಿ ಓಡಿಸುವವರಿದ್ದಾರೆ. ಆ ರಿಂಗೂ ಬಲ ಮರೆಯದ್ದೇ, ಕಾಗಿನ ಜೊತೆಯಲ್ಲೇ ಅದೂ ಬಿಚ್ಚುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಎರಡು ಫಿಕ್ಸೆಡ್ ಗೇರು ಬೇಕಿದ್ದರೆ ಎರಡೂ ಬದಿ ಲಾಕ್‌ರಿಂಗ್ ಮರೆ ಇರುವ ಹಬ್ಬೇ ಬೇಕು.

ಹಬ್ಬು ಸರಿಯಾದದ್ದೇ ಆಗಿದ್ದರೆ ಕಾಗ್, ಲಾಕ್‌ರಿಂಗ್ ಎರಡನ್ನೂ ಬಿಚ್ಚಿ ಮರೆ ಒರೆಸಿ. ಸುತ್ತುಗಳ ತುದಿ ಚೂಪಾಗಿ, ಒಂದೇ ಸಮ ಇರಬೇಕು. ಉದುರಿದ ಚೂರು, ಬೆಳ್ಳಗೆ ಉಜ್ಜಿಹೋದ ಸುತ್ತು ಕಂಡರೆ ಆ ಬದಿ ಮುಗಿದಂತೆ. ಚೆನ್ನಾಗಿದ್ದರೆ ಗ್ರೀಸ್ ಹಚ್ಚಿ ಕಾಗನ್ನು ಚೈನ್ ವಿಪ್‌ನಿಂದ (ಚೈನಿನ ತುಂಡು ಜೋಡಿಸಿದ ಹಿಡಿಯಿಂದ) ಬಲವಾಗಿ ಕೂರಿಸಿ, ಲಾಕ್‌ರಿಂಗ್ ಕೊಕ್ಕೆ ಪಾನಾದಿಂದ ಬಿಗಿ ಮಾಡಿ. ಸಮತಟ್ಟಾದ ಜಾಗದಲ್ಲಿ, ಬ್ರೇಕಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಓಡಿಸಿ. ಎದ್ದು ನಿಂತು ಮುಂದಕ್ಕೆ ಮಾತ್ರ ಜೋರಾಗಿ ತುಳಿಯಿರಿ, ಹಿಂದಕ್ಕೆ ಒತ್ತಬೇಡಿ. ಕಾಗ್ ಇನ್ನೂ ಒಳಗೆ ಕೂರುತ್ತದೆ, ಲಾಕ್‌ರಿಂಗಿಗೆ ಮತ್ತೆ ಜಾಗ ಸಿಗುತ್ತದೆ. ಮತ್ತೊಮ್ಮೆ ಬಿಗಿ ಮಾಡಿ.

ಈಗ ಒಂದು ಮಾರ್ಕರ್ ತೆಗೆದುಕೊಂಡು ಲಾಕ್‌ರಿಂಗ್, ಕಾಗ್, ಹಬ್ಬಿನ ಮೈ ಮೂರನ್ನೂ ದಾಟುವಂತೆ ಒಂದೇ ನೇರ ಗೆರೆ ಎಳೆಯಿರಿ. ಓಡಿಸಿ ಬಂದು ನೋಡಿ. ಗೆರೆ ನೇರ ಇದ್ದರೆ ನಿಶ್ಚಿಂತೆ. ಕಾಗಿನ ಗೆರೆ ತುಳಿತದ ದಿಕ್ಕಿಗೆ ಸರಿದಿದ್ದರೆ ಕಾಗ್ ಮೊದಲು ಪೂರ್ತಿ ಕೂತಿರಲಿಲ್ಲ, ಲಾಕ್‌ರಿಂಗ್ ಮತ್ತೆ ಕಟ್ಟಿ. ಕಾಗಿನ ಗೆರೆ ಹಿಂದಕ್ಕೆ ಸರಿದಿದ್ದರೆ ಅಥವಾ ಎಷ್ಟು ಸಲ ಕಟ್ಟಿದರೂ ಲಾಕ್‌ರಿಂಗಿನ ಗೆರೆ ಸರಿಯುತ್ತಲೇ ಇದ್ದರೆ ಮರೆ ಹಿಡಿಯುತ್ತಿಲ್ಲ. ಹಬ್ಬು ಬದಲಿಸಿ. ಅಂಟಿನಿಂದ ಇದು ರಿಪೇರಿ ಆಗುವುದಿಲ್ಲ. ಎರಡು ಬದಿಯ ಹಬ್ಬಾದರೆ ಎರಡೂ ಬದಿಗೆ ಗೆರೆ ಎಳೆಯಿರಿ.

ಒಳಗೆ ಗೇರಿರುವ ಹಬ್ಬಿನಲ್ಲಿ ಪೆಡಲ್ ಆಟ

ಎಸ್3ಎಕ್ಸ್ ಹಬ್ಬಿನಲ್ಲಿ ಮೂರನೇ ಗೇರು ನೇರ, ಎರಡನೆಯದು ಅದರ ನೂರಕ್ಕೆ 75, ಮೊದಲನೆಯದು 62.5. ಒಳಗಿನ ಹಲ್ಲುಗಳ ನಡುವೆ ಬಿಡುವು ಇರುವುದರಿಂದ ಹಿಂದಕ್ಕೆ ಒತ್ತುವಾಗ ಪೆಡಲ್ಲಿನಲ್ಲಿ ಸ್ವಲ್ಪ ಆಟ ಸಿಗುತ್ತದೆ. ಇದು ಕೆಟ್ಟಿರುವುದಲ್ಲ, ಅದರ ರಚನೆಯೇ ಹಾಗೆ. ಆಟ ದಿನೇದಿನೇ ಜಾಸ್ತಿಯಾಗುತ್ತಾ ಬಂದರೆ ಮಾತ್ರ ಮೇಲಿನ ಪರೀಕ್ಷೆ ಮಾಡಿ. ಗೇರು ಹಿಡಿಯದೆ ಜಾರಿದರೆ ಮೊದಲು ಕೇಬಲ್ ನೋಡಿ: ತುಕ್ಕು, ಮಡಿಕೆ, ಬಿಗಿ. ಚೈನು ಬಿಗಿ ಮಾಡಲು ಆಕ್ಸಲ್ ಸರಿಸಿದಾಗ ಕೇಬಲ್ಲಿನ ಬಿಗಿಯೂ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸಲೇಬೇಕು. ಆಕ್ಸಲ್ ತಿರುಗದಂತೆ ಹಿಡಿಯುವ ಮೂಗಿನ ವಾಷರುಗಳು ಡ್ರಾಪ್‌ಔಟಿನ ಸೀಳಿನೊಳಗೆ ಕೂತಿರಲಿ. ಕೇಬಲ್ ಸರಿ ಇದ್ದೂ ಜಾರಿದರೆ ಹಬ್ಬು ಬಿಚ್ಚುವ ಕೆಲಸ. ಗೇರ್ ಹಬ್ಬು ಕೈಯಾಡಿಸಿ ಗೊತ್ತಿರುವ ಮೆಕ್ಯಾನಿಕ್ಕಿಗೆ ಕೊಡಿ.

ಏರಿನಲ್ಲಿ ಮಂಡಿ ನೋವು, ಇಳಿಜಾರಿನಲ್ಲಿ ಕಾಲು ಹಿಡಿತಕ್ಕೆ ಸಿಗುವುದಿಲ್ಲ

ಸೈಕಲ್ಲು ಸರಿ ಇದೆ, ಆಯ್ಕೆ ಸರಿ ಇಲ್ಲ. 700ಸಿ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 42×17 ಗೇರು ಪೆಡಲ್ ಒಂದು ಸುತ್ತಿಗೆ 5.2 ಮೀಟರ್ ಓಡುತ್ತದೆ, 38×21 ಸುಮಾರು 3.8. ಗಂಟೆಗೆ 45 ಕಿ.ಮೀ. ವೇಗದ ಇಳಿಜಾರಿನಲ್ಲಿ ಮೊದಲನೆಯದರಲ್ಲಿ ಪೆಡಲ್ ನಿಮಿಷಕ್ಕೆ 145 ಸುತ್ತು ತಿರುಗಬೇಕು, ಎರಡನೆಯದರಲ್ಲಿ 197. ಅಷ್ಟು ವೇಗವಾಗಿ ತುಳಿಯುವುದು ಅಪಾಯ. ನಂದಿ ಬೆಟ್ಟದಂಥ ಏರನ್ನು ಸಣ್ಣ ಗೇರಿನಲ್ಲಿ ಹತ್ತಿದರೆ, ಮೇಲೆ ನಿಂತು ದೊಡ್ಡ ಗೇರಿಗೆ ಬದಲಿಸಿ, ಎರಡೂ ಬ್ರೇಕು ಪರೀಕ್ಷೆ ಮಾಡಿಯೇ ಇಳಿಯಿರಿ. ಎರಡು ಗೇರು ಇಟ್ಟುಕೊಂಡಿರುವುದೇ ಇದಕ್ಕೆ, ಅಲ್ವಾ?

ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗುತ್ತಿದ್ದರೂ ಇದೇ ಮಾತು. ಫಿಕ್ಸೆಡ್ಡಿನಲ್ಲಿ ಒಳಗಿನ ಪೆಡಲ್ ಎತ್ತಿ ಹಿಡಿಯಲಾಗುವುದಿಲ್ಲ. 170 ಮಿ.ಮೀ. ಕ್ರ್ಯಾಂಕಿಗೆ ಬದಲು 165 ಹಾಕಿ, ಕಿರಿದಾದ ಪೆಡಲ್ ಹಾಕಿ, ತಿರುವಿಗೆ ಮುನ್ನ ವೇಗ ಇಳಿಸಿ.

ಹಿಂದಿನ ಟೈರು ಒಂದೇ ಜಾಗದಲ್ಲಿ ಸವೆಯುತ್ತಿದ್ದರೆ ನೀವು ಚಕ್ರ ಬಿಗಿಹಿಡಿದು ಜಾರಿಸಿ ನಿಲ್ಲಿಸುತ್ತೀರಿ ಎಂದರ್ಥ. 48×16 ಸರಿಯಾಗಿ ಮೂರು ಪಟ್ಟು, ಹಾಗಾಗಿ ಅದೇ ಕಾಲು ಮುಂದಿಟ್ಟು ಜಾರಿಸಿದಾಗಲೆಲ್ಲ ಟೈರಿನ ಅದೇ ಜಾಗ ನೆಲಕ್ಕೆ ಸಿಗುತ್ತದೆ. 46×17ರಲ್ಲಿ 17 ಜಾಗಗಳಿಗೆ ಹಂಚಿಹೋಗುತ್ತದೆ. ಕಾಗ್ ಹಲ್ಲು 17, 19ರಂಥ ಅವಿಭಾಜ್ಯ ಸಂಖ್ಯೆಯಾದರೆ ಟೈರು ಜಾಸ್ತಿ ಬಾಳುತ್ತದೆ.

ಫ್ರೇಮಿಗೆ ಕೈ ಹಾಕುವ ಹಂತ

ಮೇಲಿನ ಎಲ್ಲವನ್ನೂ ನೋಡಿ ಆದ ಮೇಲೂ ಚಕ್ರ ಒಂದೇ ಬದಿಗೆ ವಾಲುತ್ತಿದ್ದರೆ, ಅಥವಾ ನಟ್ಟು ಕಟ್ಟಿದಾಗ ಡ್ರಾಪ್‌ಔಟ್‌ಗಳು ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಫ್ರೇಮ್ ಕೆಲಸ ಬಲ್ಲವರ ಬಳಿ ಹೋಗಿ. ಉಕ್ಕಿನ ಫ್ರೇಮನ್ನು ತಣ್ಣಗಿರುವಾಗಲೇ ಬಗ್ಗಿಸಿ ಸರಿ ಮಾಡಬಹುದು. ಅಲ್ಯೂಮಿನಿಯಮ್, ಕಾರ್ಬನ್ ಫ್ರೇಮಿನಲ್ಲಿ ಈ ಪ್ರಯತ್ನ ಬೇಡ.

ಚಕ್ರ ಬಿಚ್ಚಿದಾಗಲೆಲ್ಲ ಬಲಗಡೆಯ ಡ್ರಾಪ್‌ಔಟ್ ಚೈನ್‌ಸ್ಟೇಗೆ ಸೇರುವ ಜಾಗ, ಬಿಬಿಯ ಸುತ್ತ, ಕ್ರ್ಯಾಂಕಿನಲ್ಲಿ ಪೆಡಲ್ ಕೂರುವ ತೂತಿನ ಅಂಚು, ಇಷ್ಟನ್ನು ಒರೆಸಿ ಬೆಳಕಿನಲ್ಲಿ ನೋಡಿ. ಬಣ್ಣದ ಮೇಲೆ ಕೂದಲಿನಂಥ ಗೆರೆ, ಅದರಿಂದ ಇಳಿದ ತುಕ್ಕಿನ ಕಲೆ ಕಂಡರೆ ಬಿರುಕು ಇದೆ ಅಂತಲೇ ತಿಳಿಯಿರಿ. ಕ್ರ್ಯಾಂಕಾದರೆ ಎಸೆಯಿರಿ. ಫ್ರೇಮಾದರೆ, ತೆಳು ಕೊಳವೆಗೆ ಹಿತ್ತಾಳೆ ಬೆಸುಗೆ ಹಾಕಿ ಅಭ್ಯಾಸವಿರುವವರಿಗೆ ತೋರಿಸುವವರೆಗೂ ಹತ್ತಬೇಡಿ. ಗೇಟು ಕಿಟಕಿ ಬೆಸೆಯುವ ವೆಲ್ಡಿಂಗ್ ಅಂಗಡಿಗೆ ಕೊಟ್ಟರೆ ಆ ಕೊಳವೆ ಸುಟ್ಟುಹೋಗುತ್ತದೆ.